ಎರಡು ಗುಂಡಿನ ನಡುವಿನ ಹೊತ್ತು

ಮೊದಲ ದಿನ: ಕಲಬುರಗಿ

ಈ ತಿರುಗಾಟ ಶುರುವಾಗಿದ್ದು ಒಂದು ಪಟಾಕಿ ಸರದಿಂದ. ಕಲಬುರಗಿಯಲ್ಲಿ ತಂಗಿ ಮಗಳ ಮದುವೆ ಇತ್ತು. ಮೆರವಣಿಗೆ ಬಾಗಿಲಿಗೆ ಬಂದಾಗ ಹುಡುಗರು ಸಾವಿರದ ಸರಕ್ಕೆ ಬೆಂಕಿ ಇಟ್ಟರು. ಎಲ್ಲರೂ ಕಿವಿ ಮುಚ್ಚಿಕೊಂಡೆವು. ನಮ್ಮ ಕಾಕಾ ಮಾತ್ರ ಕೈಗಡಿಯಾರ ನೋಡುತ್ತಾ ನಿಂತಿದ್ದರು. ಸರ ಮುಗಿದ ಮೇಲೆ ನನ್ನ ಕಡೆ ತಿರುಗಿ ಹೇಳಿದರು: "ಎಲ್‌ಎಂಜಿ ಇದಕಿಂತ ಸಾವಕಾಶ ಹೊಡಿತದ ತಮ್ಮಾ."

ಕಾಕಾಗೆ ಈಗ 73. ಹದಿನೈದು ವರ್ಷ ಫೌಜಿನಲ್ಲಿದ್ದರು. ಸೇರಿದ್ದು 1972ರಲ್ಲಿ, ಬಾಂಗ್ಲಾ ಯುದ್ಧ ಮುಗಿದ ಮೇಲೆ. ಅದರಲ್ಲಿ ಹನ್ನೆರಡು ವರ್ಷ ಎಲ್‌ಎಂಜಿ, ಅಂದರೆ ಲೈಟ್ ಮಷೀನ್ ಗನ್ ಹೊತ್ತವರು. ಆಮೇಲೆ ಒಂದು ಬ್ಯಾಂಕಿನ ಬಾಗಿಲಲ್ಲಿ ಎರಡು ನಳಿಗೆಯ ಬಂದೂಕು ಹಿಡಿದು ಕೂತಿದ್ದರು. ನನಗೋ ಇತಿಹಾಸದ ಹುಚ್ಚು. ರಜೆ ಇನ್ನೂ ನಾಲ್ಕು ದಿನ ಇತ್ತು. "ಬರ್ರಿ ಕಾಕಾ, ಕೋಟೆ ನೋಡ್ಕೊಂಡ್ ಬರೋಣ" ಅಂದೆ. ಕಾಕಿ ಒಂದು ಡಬ್ಬಿ ತುಂಬ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕೊಟ್ಟರು. ಹೊರಟೆವು.

ಮೊದಲು ಊರೊಳಗಿನ ಕೋಟೆಯೇ. ಕಲಬುರಗಿಯಲ್ಲಿ ಹುಟ್ಟಿ ಬೆಳೆದವನು ನಾನು. ಆದರೂ ಕೋಟೆಯ ದೊಡ್ಡ ತೋಪನ್ನು, ಅಂದರೆ ಫಿರಂಗಿಯನ್ನು, ಸರಿಯಾಗಿ ಮುಟ್ಟಿ ನೋಡಿರಲಿಲ್ಲ. 1367ರ ಜಾಮಿ ಮಸೀದಿ ನೋಡಲು ಎಲ್ಲರೂ ಹೋಗುತ್ತಾರೆ. ತೆರೆದ ಅಂಗಳವೇ ಇಲ್ಲದ, ಪೂರ್ತಿ ಸೂರು ಹೊದ್ದ ಮಸೀದಿ ಅದು. ನೆರಳು, ತಂಪು, ಫೋಟೋ, ಅಲ್ಲಿಗೆ ಮುಗೀತು. ತೋಪಿಗೆ ಬುರುಜು ಹತ್ತಬೇಕು. ಬಿಸಿಲಲ್ಲಿ ಯಾರು ಹತ್ತುತ್ತಾರೆ?

ಜನ ಅದನ್ನು ಬಾರಾ ಗಜ್ ತೋಪ್ ಅನ್ನುತ್ತಾರೆ. ಹನ್ನೆರಡು ಗಜದ್ದು ಎಂದು ಅರ್ಥ. ಇವತ್ತಿನ ಟೇಪು ಹಿಡಿದರೆ 29 ಅಡಿ ಅನ್ನುತ್ತಾರೆ. ಹಳೆಯ ಗಜಕ್ಕೆ ನಮ್ಮ ಮೂರಡಿ ಲೆಕ್ಕ ಹತ್ತುವುದಿಲ್ಲ. ಕಾಕಾ ಹೆಜ್ಜೆ ಹಾಕಿ ಅಳೆದರು, ಹನ್ನೆರಡು ಹೆಜ್ಜೆ ಆಯಿತು. "ಹೆಸರು ಖರೇನೇ ಅದ" ಅಂದರು.

ನಾನು ಅಂಗೈ ಇಟ್ಟು ತೋಪಿನ ಮೈ ಸವರಿದೆ. ನುಣ್ಣಗಿಲ್ಲ. ಬಳೆ ಪಕ್ಕ ಬಳೆ ಜೋಡಿಸಿದಂತೆ ಉಬ್ಬು ತಗ್ಗು. ಇದು ಅಚ್ಚಿಗೆ ಎರಕ ಹೊಯ್ದದ್ದಲ್ಲ. ಕಬ್ಬಿಣದ ಉದ್ದ ಪಟ್ಟಿಗಳನ್ನು ಸುತ್ತಲೂ ನಿಲ್ಲಿಸಿ, ಅವುಗಳ ಮೇಲೆ ಕಾದ ಬಳೆಗಳನ್ನು ತೊಡಿಸಿ, ಬಡಿದು ಬೆಸೆದದ್ದು. ಬಂಡಿ ಗಾಲಿಗೆ ಕಬ್ಬಿಣದ ಪಟ್ಟಾ ಕಟ್ಟುವುದು ನೋಡಿದ್ದೀರಲ್ವಾ? ಅದೇ ಕೆಲಸ. ಪಟ್ಟಾ ಕಾಯಿಸಿ ತೊಡಿಸುವುದು, ತಣ್ಣಗಾದಾಗ ಅದು ಬಿಗಿದುಕೊಳ್ಳುವುದು.

ಅಲ್ಲೇ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಟೆನಿಸ್ ಚೆಂಡು ಪುಟಿದು ಸೀದಾ ತೋಪಿನ ಬಾಯೊಳಗೆ ಹೋಯಿತು. ಕಾಕಾ ನಕ್ಕರು. "ಬಾರ್ ಮಾಡಿದ್ರಿ ನೋಡ್ರಿ!" ಚೆಂಡು ಒಳಗೆ ಎಲ್ಲೋ ನಿಂತಿತ್ತು. ಕೈ ಹಾಕಿದರೆ ಸಿಗದು. ಒಬ್ಬ ಓಡಿ ಹೋಗಿ ಕೋಲು ತಂದ. ಅದು ಸಾಲಲಿಲ್ಲ. ಎರಡು ಕೋಲಿಗೆ ಹಗ್ಗ ಕಟ್ಟಿ ಕೆದಕಿದರು. ಚೆಂಡು ಹೊರಗೆ ಬಂದಾಗ ಕಾಕಾ ಗಡಿಯಾರ ನೋಡಿ, "ನಾಲ್ಕ್ ಮಿನಿಟ" ಅಂದರು.

ನಾಲ್ಕು ದಿನವೂ ನಮ್ಮ ತಲೆಯಲ್ಲಿ ಉಳಿದಿದ್ದು ಆ ಗಡಿಯಾರವೇ. ಇಂಥ ತೋಪು ಒಂದು ಸಲ ಹಾರಿದ ಮೇಲೆ ಎಷ್ಟು ಕೆಲಸ ಇತ್ತು ನೋಡಿ. ಒಳಗಿನ ಕಿಡಿ ಆರಲೆಂದು ಒದ್ದೆ ಅರಿವೆ ಹಾಕಿ ಒರೆಸಬೇಕು. ಇಲ್ಲದಿದ್ದರೆ ಹೊಸ ಮದ್ದು ಸುರಿಯುವವನ ಕೈಯೇ ಹೋಗುತ್ತದೆ. ಆಮೇಲೆ ಮದ್ದು, ಅದರ ಮೇಲೆ ಬಿರಡೆ, ಗುಂಡು. ಉದ್ದನೆಯ ಕೋಲಿನಿಂದ ಜಡಿಯಬೇಕು. ಹಿಂದಿನ ಕಿವಿಗೆ, ಅಂದರೆ ಸಣ್ಣ ತೂತಿಗೆ, ಪುಡಿ ತುಂಬಿ ಬತ್ತಿ ಹಚ್ಚಬೇಕು. ಹಿಮ್ಮೆಟ್ಟಿದ ತೋಪನ್ನು ಮತ್ತೆ ಗುರಿಗೆ ತರಬೇಕು. ಕಬ್ಬಿಣ ಆರುವವರೆಗೆ ಕಾಯಬೇಕು. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಗೋಡೆ ಒಡೆದ, ಉರ್ಬಾನ್ ಎಂಬವನು ತುರ್ಕರಿಗೆ ಮಾಡಿಕೊಟ್ಟ ದೈತ್ಯ ತೋಪು ದಿನಕ್ಕೆ ಹಾರುತ್ತಿದ್ದದ್ದು ಏಳೇ ಸಲವಂತೆ. ಉಳಿದ ಹೊತ್ತಲ್ಲಿ ಒಳಗಿನವರು ಬಿದ್ದ ಗೋಡೆಗೆ ಮಣ್ಣು, ಕಟ್ಟಿಗೆ ತುಂಬಿ ಮುಚ್ಚಿಕೊಳ್ಳುತ್ತಿದ್ದರು.

ಎರಡು ಗುಂಡಿನ ನಡುವಿನ ಈ ಹೊತ್ತನ್ನು ಕಡಿಮೆ ಮಾಡುವುದು ಹೇಗೆ ಎಂಬ ತಲೆನೋವು ಹೊಸದಲ್ಲ. ಅಕ್ಬರನ ಆಸ್ಥಾನದ ಅಬುಲ್ ಫಜಲ್ ಹದಿನೇಳು ನಳಿಗೆ ಜೋಡಿಸಿ ಒಂದೇ ಬತ್ತಿಯಿಂದ ಹೊತ್ತಿಸುವ ಬಂದೂಕಿನ ಬಗ್ಗೆ ಬರೆದಿದ್ದಾನೆ. ಅದರ ಹಿಂದಿನ ತಲೆ ಫತ್‌ಹುಲ್ಲಾ ಶಿರಾಜಿಯದು ಎಂದು ಬಹಳ ಜನ ಹೇಳುತ್ತಾರೆ. ಆತ 1583ರಲ್ಲಿ ಅಕ್ಬರನ ಬಳಿ ಹೋಗುವ ಮೊದಲು ನಮ್ಮ ಪಕ್ಕದ ಬಿಜಾಪುರದಲ್ಲಿ, ಆದಿಲಶಾಹಿ ಆಸ್ಥಾನದಲ್ಲಿದ್ದವನು. ನಾನು ಇದನ್ನು ಸ್ವಲ್ಪ ಜಂಬದಿಂದಲೇ ಹೇಳಿದೆ. ಕಾಕಾ ಒಂದು ಕ್ಷಣ ಯೋಚಿಸಿ, "ಹದಿನೇಳೂ ಒಮ್ಮೆ ಹಾರಿದ್ರ ಹದಿನೇಳೂ ಮತ್ತ ತುಂಬಬೇಕಲ್ಲೋ" ಅಂದರು. ಸರಿಯಾಗಿಯೇ ಹೇಳಿದರು. ನಳಿಗೆ ಹೆಚ್ಚಿಸಿದರೆ ಕಾಯುವ ಹೊತ್ತೂ ಹೆಚ್ಚುತ್ತದೆ. ಇದಕ್ಕೆ ಉತ್ತರ ಸಿಗಲು ಇನ್ನೂ ಹತ್ತಿರ ಹತ್ತಿರ ಮುನ್ನೂರು ವರ್ಷ ಹಿಡಿಯಿತು.

ಎರಡನೆಯ ದಿನ: ಬೀದರ್

ಬೆಳಿಗ್ಗೆ ಆರಕ್ಕೆ ಹೊರಟೆವು. ದಾರಿಯ ಎರಡೂ ಕಡೆ ತೊಗರಿ ಒಣಗಿ ಕಟಾವಿಗೆ ನಿಂತಿತ್ತು. ಬೀದರ್‌ನ ಲಾಡ್ಜಿನಲ್ಲಿ ಚೀಲ ಇಟ್ಟು ಕೋಟೆಗೆ ಹೋದೆವು.

ಬೀದರ್ ಕೋಟೆ ಒಂದು ದಿನಕ್ಕೆ ಮುಗಿಯುವಂಥದ್ದಲ್ಲ. ನಾವು ಗುಂಡು ಮದ್ದಿನ ಬೆನ್ನು ಹತ್ತಿದವರು, ರಂಗೀನ್ ಮಹಲನ್ನು ಹೊರಗಿನಿಂದಲೇ ನೋಡಿ ಕೈಮುಗಿದೆವು. ಕಂದಕದ ಅಂಚಿಗೆ ಹೋಗಿ ನಿಂತೆವು. ಕೆಂಪು ಮುರ ಕಲ್ಲನ್ನು ಕಡಿದು ಮಾಡಿದ ಕಂದಕ. ಕೆಲವು ಕಡೆ ಒಂದರ ಪಕ್ಕ ಒಂದು, ಮೂರು ಸಾಲು. ನಡುವೆ ಕಡಿಯದೆ ಬಿಟ್ಟ ಕಲ್ಲಿನ ಗೋಡೆ. ಓಡಿ ಬರುವವನನ್ನು ಮೂರು ಸಲ ನಿಲ್ಲಿಸುವ ಲೆಕ್ಕ ಇದು. ಅವನು ನಿಂತಷ್ಟು ಹೊತ್ತು ಮೇಲಿದ್ದವನಿಗೆ ಮತ್ತೆ ಬಾರು ಮಾಡಿಕೊಳ್ಳಲು ಸಮಯ. ಕಂದಕ ಅಂದರೆ ಸಮಯವನ್ನು ಕಲ್ಲಿನಲ್ಲಿ ಕಡಿದಿಟ್ಟದ್ದು ಅಂತ ನನಗೆ ಅವತ್ತು ಹೊಳೆಯಿತು.

1657ರಲ್ಲಿ ಔರಂಗಜೇಬ್ ಇನ್ನೂ ಶಹಜಾದೆ. ಬೀದರ್‌ಗೆ ಮುತ್ತಿಗೆ ಹಾಕಿದ. ಒಳಗಿದ್ದ ಕಿಲ್ಲೇದಾರ ಸಿದ್ದಿ ಮರ್ಜಾನ್, ವಯಸ್ಸಾದವನು. 27 ದಿನ ತಡೆದ. ಕೊನೆಗೆ ಕೋಟೆ ಬಿದ್ದದ್ದು ಹೊರಗಿನ ಗುಂಡಿನಿಂದ ಅನ್ನುವುದಕ್ಕಿಂತ ಒಳಗಿನ ಮದ್ದಿನಿಂದ. ಬುರುಜಿನಲ್ಲಿ ಕೂಡಿಟ್ಟ ಮದ್ದಿಗೆ ಕಿಡಿ ಬಿತ್ತು. ಮರ್ಜಾನನೂ ಅವನ ಇಬ್ಬರು ಮಕ್ಕಳೂ ಸುಟ್ಟುಕೊಂಡರು. ಊರೊಳಗಿನ ಗವಾನ್ ಮದರಸಾದ ಕಥೆಯೂ ಹೀಗೆಯೇ. 1472ರ ಚಂದದ ಕಟ್ಟಡ. 1696ರ ಸ್ಫೋಟದಲ್ಲಿ ಮುಂಭಾಗದ ಒಂದು ಪಾಲು ಹಾರಿಹೋಯಿತು. ಉಳಿದ ಒಂದೇ ಮಿನಾರಿನ ಮೇಲೆ ಬಣ್ಣದ ಹೆಂಚಿನ ತುಣುಕು ಇನ್ನೂ ಮಿನುಗುತ್ತದೆ.

ಮಧ್ಯಾಹ್ನ ಒಂದು ಬಿದ್ರಿ ಕಾರ್ಖಾನೆಗೆ ಹೋದೆವು. ಕಾರ್ಖಾನೆ ಅಂದರೆ ಒಂದು ಕೋಣೆ, ನಾಲ್ಕು ಜನ, ಒಂದು ಒಲೆ. ಉಸ್ತಾದರು ತಾಮ್ರ ಸತುವಿನ ಹೂದಾನಿಗೆ ಬೆಳ್ಳಿ ತಂತಿ ಕೂರಿಸಿ ಮುಗಿಸಿದ್ದರು. ಬೂದು ಬಣ್ಣ, ಬೆಳ್ಳಿ ಯಾವುದು ಸತು ಯಾವುದು ಗೊತ್ತಾಗದು. ಒಂದು ತಗಡಿನ ಡಬ್ಬಿ ತೆಗೆದರು. ಅದರಲ್ಲಿ ಮಣ್ಣು. ಹಳೆಯ ಕೋಟೆಯ, ಬಿಸಿಲು ಮಳೆ ತಾಗದ ಜಾಗದ ಮಣ್ಣು. ಒಂದು ಚಿಟಿಕೆ ನಾಲಿಗೆಗೆ ಹಚ್ಚಿ ನೋಡಿದರು. "ಇದು ಛಲೋ ಅದ ರೀ" ಅಂದು ನವಸಾಗರದ ಜೊತೆ ನೀರಿಗೆ ಹಾಕಿ ಕುದಿಸಿದರು. ಹೂದಾನಿ ಅದರಲ್ಲಿ ಅದ್ದಿ ಉಜ್ಜಿ ತೆಗೆದಾಗ ಮೈಯೆಲ್ಲ ಕರ್ರಗೆ, ಬೆಳ್ಳಿ ಮಾತ್ರ ಬೆಳ್ಳಗೆ.

ನಾನೂ ಒಂದು ಚಿಟಿಕೆ ನೆಕ್ಕಿದೆ. ಉಪ್ಪು, ಆಮೇಲೆ ನಾಲಿಗೆಗೆ ಒಂಥರಾ ತಂಪು. ಹಳೆಯ ಗೋಡೆಯ ಮಣ್ಣಲ್ಲಿ ಪೆಟ್ಲುಪ್ಪು ಇರುತ್ತದೆ ಅನ್ನುತ್ತಾರೆ. ಕರಿ ಮದ್ದಿನ ಮುಕ್ಕಾಲು ಪಾಲು ಅದೇ ಪೆಟ್ಲುಪ್ಪು. ನೂರಕ್ಕೆ 75 ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ತೋಪಿಗೆ ಬಲ ಕೊಡುವ ವಸ್ತುವೇ ಹೂದಾನಿಗೆ ಬಣ್ಣ ಕೊಡುತ್ತದೆ. ಆ ಕೋಣೆಯಿಂದ ಏಳಲು ಮನಸ್ಸೇ ಬರಲಿಲ್ಲ. ಒಂದು ಸಣ್ಣ ಡಬ್ಬಿ ಕೊಂಡೆ. ಚೌಕಾಸಿ ಮಾಡಲಿಲ್ಲ.

ಕರಿ ಮದ್ದಿಗೆ ಒಂದು ದೊಡ್ಡ ದೋಷ ಇತ್ತು. ಹೊಗೆ ಜಾಸ್ತಿ, ಮಸಿ ಜಾಸ್ತಿ. ಹತ್ತಾರು ಗುಂಡು ಹಾರಿದರೆ ನಳಿಗೆಯೊಳಗೆ ಮಸಿ ಕಟ್ಟುತ್ತದೆ, ಎದುರಿಗೆ ಏನೂ ಕಾಣುವುದಿಲ್ಲ. ಬೇಗ ಬೇಗ ಹೊಡೆಯುವ ಯಂತ್ರಕ್ಕೆ ಇದು ಶತ್ರು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆ ಇಲ್ಲದ ಮದ್ದು ಮಾಡಿದ. ಅದೇ ಹೊತ್ತಿಗೆ ಲಂಡನ್ನಿನಲ್ಲಿ ಹೈರಮ್ ಮ್ಯಾಕ್ಸಿಮ್ ಎಂಬ ಅಮೆರಿಕದವನು ತನ್ನ ಗನ್ನು ಸಿದ್ಧಮಾಡುತ್ತಿದ್ದ. ಮೊದಲು ವಿದ್ಯುತ್ ದೀಪದ ಕೆಲಸ ಮಾಡುತ್ತಿದ್ದ ಮನುಷ್ಯ. ಬಂದೂಕು ಹಾರಿದಾಗ ಭುಜಕ್ಕೆ ಬೀಳುವ ಒದೆತವನ್ನು ಅವನು ಕೆಲಸಕ್ಕೆ ಹಚ್ಚಿದ. ಆ ಒದೆತವೇ ಖಾಲಿ ತೋಟಾ ಹೊರಗೆ ಹಾಕಬೇಕು, ಹೊಸದನ್ನು ಒಳಗೆ ಎಳೆಯಬೇಕು, ಮತ್ತೆ ಹಾರಿಸಬೇಕು. ಕುದುರೆ, ಅಂದರೆ ಟ್ರಿಗರ್, ಒತ್ತಿ ಹಿಡಿದರೆ ಸಾಕು. ನಿಮಿಷಕ್ಕೆ ಸುಮಾರು 600. ಬಾರಾ ಗಜ್ ತೋಪಿನ ಹುಡುಗರು ಚೆಂಡು ತೆಗೆದ ಆ ನಾಲ್ಕು ನಿಮಿಷದಲ್ಲಿ 2,400.

ಇದರ ಫಲ ಮೊದಲು ಉಂಡವರು ಯುರೋಪಿನವರಲ್ಲ. 1898ರ ಸೆಪ್ಟೆಂಬರ್ 2ರಂದು ಸುಡಾನಿನ ಓಮ್‌ದುರ್ಮಾನ್‌ನಲ್ಲಿ ಬೆಳಗಿನಿಂದ ಮಧ್ಯಾಹ್ನದೊಳಗೆ ಹತ್ತು ಸಾವಿರಕ್ಕೂ ಹೆಚ್ಚು ಸುಡಾನಿಗಳು ಸತ್ತರು. ಬ್ರಿಟಿಷ್ ಸೇನಾಪತಿ ಕಿಚನರನ ಕಡೆ ಸತ್ತವರು 48. ಎಲ್ಲವನ್ನೂ ಮ್ಯಾಕ್ಸಿಮ್ ಲೆಕ್ಕಕ್ಕೆ ಬರೆಯುವುದು ತಪ್ಪು, ತೋಪು ಇತ್ತು, ರೈಫಲ್ಲು ಇತ್ತು. ಆದರೆ ಎದೆ ಕೊಟ್ಟು ಓಡಿ ಬರುವ ಯುದ್ಧ ಅಲ್ಲಿಗೆ ಮುಗಿಯಿತು. 1904ರ ಮಾರ್ಚ್ 31ರಂದು ಟಿಬೆಟ್‌ನ ಗುರು ಎಂಬಲ್ಲಿಯೂ ಹೀಗೇ ಆಯಿತು. ಹಿಂದೂಸ್ತಾನದಿಂದ ಹೋದ ಬ್ರಿಟಿಷ್ ಪಡೆ ಕೆಲವೇ ನಿಮಿಷದಲ್ಲಿ ನೂರಾರು ಟಿಬೆಟಿಗರನ್ನು ಕೊಂದಿತು. ಟಿಬೆಟಿಗರ ಕೈಯಲ್ಲಿದ್ದದ್ದು ಬತ್ತಿ ಬಂದೂಕು, ಕತ್ತಿ. ಉಳಿದವರು ಓಡಲಿಲ್ಲ, ಬೆನ್ನು ಹಾಕಿ ನಿಧಾನ ನಡೆದು ಹೋದರು. ಮ್ಯಾಕ್ಸಿಮ್ ಹಿಡಿದಿದ್ದ ಇಂಗ್ಲಿಷ್ ಅಧಿಕಾರಿಗೇ ವಾಕರಿಕೆ ಬಂದು ಗುಂಡು ನಿಲ್ಲಿಸಿದನಂತೆ.

ಸಂಜೆ ಲಾಡ್ಜಿಗೆ ಬಂದರೆ ಬಿಸಿ ನೀರಿಲ್ಲ. ಬೋರ್ಡಿನಲ್ಲಿ "24 ತಾಸು ಬಿಸಿನೀರು" ಅಂತ ಬರೆದಿತ್ತು. ಕೇಳಿದರೆ ಬೆಳಿಗ್ಗೆ ಆರರಿಂದ ಎಂಟು ಅಂದರು. ಬೀದರ್‌ನ ಡಿಸೆಂಬರ್ ಚಳಿ ಗೊತ್ತಿದ್ದವರಿಗೆ ಗೊತ್ತು. ನಾನು ಕಾಕಾಗೆ ವಿಕರ್ಸ್ ಗನ್ನಿನ ಕಥೆ ಹೇಳಿದೆ. ಅದು ಮ್ಯಾಕ್ಸಿಮ್‌ನ ಸುಧಾರಿಸಿದ ರೂಪ, 1912ರದ್ದು. ನಳಿಗೆ ಕಾಯದಿರಲಿ ಎಂದು ಸುತ್ತ ನೀರಿನ ಕೊಳವೆ, ಸುಮಾರು ನಾಲ್ಕು ಲೀಟರ್. 600 ಗುಂಡು ಹೊಡೆಯುವ ಹೊತ್ತಿಗೆ ನೀರು ಕುದಿ ಬರುತ್ತಿತ್ತು. ಸಿಪಾಯಿಗಳು ಆ ನೀರಲ್ಲಿ ಚಹಾ ಮಾಡುತ್ತಿದ್ದರು ಅನ್ನುವ ಮಾತಿದೆ. "ಹಂಗಾರ ಇಲ್ಲೊಂದು ಇಡಸ್ಬೇಕಾಗಿತ್ತು" ಅಂದು ಕಾಕಾ ತಣ್ಣೀರಲ್ಲೇ ಮುಖ ತೊಳೆದರು.

ಮೂರನೆಯ ದಿನ: ಹುಮನಾಬಾದ್, ಗೋರ್ಟಾ

ಬೆಳಿಗ್ಗೆ ತಲೆ ಮೇಲೆ ಜೆಟ್‌ಗಳ ಸದ್ದು. ಬೀದರ್ ಏರ್‌ಫೋರ್ಸ್ ಸ್ಟೇಷನ್ನಿನ ಹಾಕ್ ತರಬೇತಿ ವಿಮಾನಗಳು. ಕಾಕಾ ಕಣ್ಣಿಗೆ ಕೈ ಅಡ್ಡ ಹಿಡಿದು ಮೂರನ್ನೂ ಕಣ್ಮರೆ ಆಗುವವರೆಗೆ ನೋಡಿದರು.

ಹುಮನಾಬಾದ್ ಸಮೀಪ ಟೈರ್ ಪಂಕ್ಚರ್. ಸ್ಟೆಪ್ನಿಗೂ ಗಾಳಿ ಇಲ್ಲ! ಅದು ನನ್ನದೇ ತಪ್ಪು, ಹೊರಡುವ ಮುಂಚೆ ನೋಡಬೇಕಿತ್ತು. ಒಂದು ಆಟೋ ಹಿಡಿದು ಗಾಲಿ ಹೊತ್ತುಕೊಂಡು ಪಂಕ್ಚರ್ ಅಂಗಡಿಗೆ ಹೋದೆವು. ಮುಂದೆ ನಾಲ್ಕು ಗಾಲಿ ಸರತಿಯಲ್ಲಿದ್ದವು. ಒಂದೂವರೆ ತಾಸು ಕೂತೆವು. ನಿಜ ಹೇಳಬೇಕೆಂದರೆ ನಾಲ್ಕು ದಿನದಲ್ಲಿ ನಾನು ಜಾಸ್ತಿ ಕಲಿತಿದ್ದು ಆ ಅಂಗಡಿಯ ಬಾಕಿನ ಮೇಲೆ.

ಕಾಕಾ ಹುರಿದ ಶೇಂಗಾ ತರಿಸಿ ಬಾಕಿನ ಮೇಲೆ ಸಾಲಾಗಿ ಜೋಡಿಸಿದರು. ಇಪ್ಪತ್ತೆಂಟು ಕಾಳು.

"ಮ್ಯಾಗಜೀನ್ ಮೂವತ್ತರದು. ಆದ್ರ ನಾವು ತುಂಬ್ತಿದ್ದಿದ್ದು ಇಪ್ಪತ್ತೆಂಟು. ಪೂರಾ ತುಂಬಿದ್ರ ಸ್ಪ್ರಿಂಗ್ ಸೋಲ್ತದ, ಗುಂಡು ಸಿಕ್ಕೊಳ್ತದ."

ಅವರ ಎಲ್‌ಎಂಜಿ ಅಂದರೆ ಹಳೆಯ ಬ್ರೆನ್ ಗನ್ನೇ, ಕ್ಯಾಲಿಬರ್ 7.62ಕ್ಕೆ ಬದಲಿಸಿದ್ದು. ಬ್ರೆನ್ ಅನ್ನುವ ಹೆಸರೂ ಮಜವಾಗಿದೆ. ಮೂಲ ವಿನ್ಯಾಸ ಚೆಕೊಸ್ಲೊವಾಕಿಯಾದ ಬ್ರನೊ ಊರಿನದು, ಮಾಡಿದ್ದು ಇಂಗ್ಲೆಂಡಿನ ಎನ್‌ಫೀಲ್ಡ್‌ನಲ್ಲಿ. ಎರಡೂ ಊರಿನ ಮೊದಲ ಎರಡೆರಡು ಇಂಗ್ಲಿಷ್ ಅಕ್ಷರ ಸೇರಿಸಿ ಬ್ರೆನ್. ನಮ್ಮ ದೇಶದ ಕಾರ್ಖಾನೆಯಲ್ಲೂ ಮಾಡುತ್ತಿದ್ದರು.

"ಈಗ ಹೇಳು, ಕುದುರಿ ಒತ್ತಿ ಹಿಡದ್ರ ಇವು ಎಷ್ಟೊತ್ತಿಗೆ ಖಲಾಸ್?"

ನಿಮಿಷಕ್ಕೆ 500 ಎಂದು ಲೆಕ್ಕ ಹಾಕಿದೆ. ಮೂರೂವರೆ ಸೆಕೆಂಡೂ ಇಲ್ಲ.

"ಹಾಂ. ಅದಕ್ಕೇ ಒತ್ತಿ ಹಿಡೀಬಾರ್ದು. ಮೂರು, ನಾಕು. ಬಿಡಬೇಕು. ಮತ್ತ ಮೂರು." ಕಾಕಾ ಬೆರಳಿನಿಂದ ಶೇಂಗಾ ಕಾಳನ್ನು ಮೂರು ಮೂರಾಗಿ ಬೇರೆ ಮಾಡಿ ಬಾಯಿಗೆ ಹಾಕಿಕೊಂಡರು. "ಸಿನಿಮಾದಾಗ ಒಂದೇ ಸವನ ಹೊಡಿತಾರಲ್ಲ, ಅಂವ ಹತ್ತು ಮ್ಯಾಗಜೀನಿಗೇ ನಳಿಗಿ ಸುಟ್ಕೊಂಡು ಕೂಡ್ತಾನ."

ಗನ್ನಿಗೆ ಇಬ್ಬರು. ನಂಬರ್ ಒನ್ ಹೊಡೆಯುವವನು. ನಂಬರ್ ಟೂ ಪಕ್ಕದಲ್ಲಿ ಮಲಗಿ ಮ್ಯಾಗಜೀನ್ ಬದಲಿಸುವವನು, ಕಾದ ನಳಿಗೆ ಬದಲಿಸುವವನು. ನಳಿಗೆಗೆ ಒಂದು ಹಿಡಿಕೆ ಇರುತ್ತದೆ. ಅದನ್ನು ಹಿಡಿದು ಎತ್ತಿದರೆ ಕೈ ಸುಡುವುದಿಲ್ಲ. "ಆ ಹಿಡಕಿ ಬಿಟ್ಟು ಕಬ್ಬಿಣ ಮುಟ್ಟಿದಾಂವ ಒಂದೇ ಸಲ ಮುಟ್ಟಾಂವ." ಯಂತ್ರಕ್ಕೂ ಉಸಿರಾಡಲು ಹೊತ್ತು ಬೇಕು ಅಂತ ನನಗೆ ಆಗಲೇ ಅರ್ಥವಾಗಿದ್ದು. ಬಾರಾ ಗಜ್ ತೋಪು ಆರಲು ಕಾಯಬೇಕಾಗಿತ್ತು, ಇದಕ್ಕೆ ಎರಡನೆಯ ನಳಿಗೆ ಇದೆ. ಅಷ್ಟೇ ವ್ಯತ್ಯಾಸ.

ಪಂಕ್ಚರ್ ಹಾಕುವ ಹುಡುಗ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ತಿರುಗಿಸುತ್ತಾ ನಮ್ಮ ಮಾತೇ ಕೇಳುತ್ತಿದ್ದ. "ಮುಂದ ಏನಾತ್ರಿ?" ಅಂದ.

ಮುಂದೆ ಆಗಿದ್ದು ಮೊದಲ ಮಹಾಯುದ್ಧದ ಸೋಮ್ ಕಾಳಗ. 1916ರ ಜುಲೈ 1, ಫ್ರಾನ್ಸ್. ಬ್ರಿಟಿಷರು ಒಂದು ವಾರ ಜರ್ಮನ್ ಕಂದಕಗಳ ಮೇಲೆ ತೋಪಿನ ಮಳೆ ಸುರಿಸಿದ್ದರು. ಜರ್ಮನರು ನೆಲದಾಳದ ಗುಂಡಿಗಳಲ್ಲಿ ಕೂತಿದ್ದರು. ತೋಪು ನಿಂತ ತಕ್ಷಣ ಬ್ರಿಟಿಷ್ ಸಿಪಾಯಿ ತನ್ನ ಕಂದಕ ಬಿಟ್ಟು ನಡೆಯಬೇಕು. ಜರ್ಮನ್ ಸಿಪಾಯಿ ಗುಂಡಿಯಿಂದ ಮೇಲೆ ಬಂದು ತನ್ನ ಮ್ಯಾಕ್ಸಿಮ್ ಇಡಬೇಕು. ಯಾರು ಮೊದಲು? ಇಡೀ ದಿನದ ಹಣೆಬರಹ ಆ ನಡುವಿನ ಒಂದೆರಡು ನಿಮಿಷದಲ್ಲಿತ್ತು. ಬ್ರಿಟಿಷರು ಮುಳ್ಳುತಂತಿ ದಾಟುವಷ್ಟರಲ್ಲಿ ಬಹಳ ಕಡೆ ಜರ್ಮನರೇ ಮೊದಲಾದರು. ಒಂದೇ ದಿನ ಬ್ರಿಟಿಷ್ ಸೇನೆಯಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 57,470. ಅದರಲ್ಲಿ ಸತ್ತವರೇ 19,240. ಓಮ್‌ದುರ್ಮಾನ್‌ನಲ್ಲಿ ಗನ್ನಿನ ಹಿಂದೆ ನಿಂತವರಿಗೆ ಹದಿನೆಂಟು ವರ್ಷದ ಮೇಲೆ ಗನ್ನಿನ ಮುಂದೆ ನಡೆಯುವ ಪಾಳಿ ಬಂತು. ಪಾಠ ಗೊತ್ತಿರಲಿಲ್ಲವೆಂದಲ್ಲ. ಆದರೂ 1914ರಲ್ಲಿ ಸುಮಾರು ಸಾವಿರ ಜನರ ಒಂದು ಬ್ರಿಟಿಷ್ ಬೆಟಾಲಿಯನ್ನಿಗೆ ಇದ್ದದ್ದು ಎರಡೇ ಮಷೀನ್ ಗನ್.

ಅದೇ ಸೋಮ್‌ಗೆ ನಮ್ಮ ಕಡೆಯ ನಂಟೂ ಇದೆ. ಡೆಕ್ಕನ್ ಹಾರ್ಸ್ ಅನ್ನುವ ಕುದುರೆ ದಳದ ಬೇರು ಹೈದರಾಬಾದ್ ಸಂಸ್ಥಾನದಲ್ಲಿ. ಬೀದರ್, ಕಲಬುರಗಿ ಆಗ ನಿಜಾಮರದ್ದೇ ಅಲ್ವಾ. ಜುಲೈ 14ರ ಸಂಜೆ ಆ ದಳ ಹೈ ವುಡ್ ಎಂಬ ಕಾಡಿನ ಪಕ್ಕ, ಬೆಳೆ ನಿಂತ ಹೊಲದಲ್ಲಿ ಈಟಿ ಹಿಡಿದು ನುಗ್ಗಿತು. ಬೆಳೆಯಲ್ಲಿ ಅಡಗಿದ್ದ ಕೆಲವರನ್ನು ಈಟಿಗೆ ಸಿಕ್ಕಿಸಿದರು, ಕೆಲವರನ್ನು ಸೆರೆ ಹಿಡಿದರು. ಆಮೇಲೆ ಮಷೀನ್ ಗನ್ ಮಾತಾಡಿತು. ಕತ್ತಲಾದ ಮೇಲೆ ಇಳಿದು ನೆಲಕ್ಕೆ ಅಂಟಿಕೊಂಡರು, ನಸುಕಿಗೆ ಮೊದಲು ಹಿಂದೆ ಬಂದರು. ಎರಡು ತಿಂಗಳಾದ ಮೇಲೆ, ಸೆಪ್ಟೆಂಬರ್ 15ರಂದು, ಅದೇ ಸೋಮ್‌ನಲ್ಲಿ ಮೊದಲ ಟ್ಯಾಂಕುಗಳು ಉರುಳಿದವು. ಗುಂಡಿಗೆ ಬಗ್ಗದ ಕುದುರೆ ಬೇಕಾಗಿತ್ತು, ಸಿಕ್ಕಿತು. ಡೆಕ್ಕನ್ ಹಾರ್ಸ್ ಇವತ್ತು ನಮ್ಮ ಸೇನೆಯ ಟ್ಯಾಂಕ್ ರೆಜಿಮೆಂಟು. ಹೆಸರಲ್ಲಿ ಮಾತ್ರ ಕುದುರೆ ಉಳಿದಿದೆ.

ಹುಡುಗ ಪಂಕ್ಚರ್ ಹಾಕಿ ಮುಗಿಸಿದ. ಕತೆ ಕೇಳಿದ್ದಕ್ಕೆ ಸ್ಟೆಪ್ನಿಗೆ ಗಾಳಿ ಪುಕ್ಕಟೆ.

ಗೋರ್ಟಾ ತಲುಪಿದಾಗ ಮೂರು ಗಂಟೆ. ಬಸವಕಲ್ಯಾಣದ ಕಡೆಯ ಸಣ್ಣ ಊರು. 1948ರ ಮೇ ತಿಂಗಳಲ್ಲಿ ನಿಜಾಮರ ಪರ ನಿಂತ ರಜಾಕಾರರು ಇಲ್ಲಿ ಸುಮಾರು 200 ಜನರನ್ನು ಕೊಂದರು ಎಂದು ಹೇಳುತ್ತಾರೆ. ಸ್ಮಾರಕ ಇದೆ. ದಕ್ಷಿಣದ ಜಲಿಯನ್‌ವಾಲಾಬಾಗ್ ಎಂದು ಕರೆಯುವುದೂ ಉಂಟು. ಮೂಲ ಜಲಿಯನ್‌ವಾಲಾಬಾಗ್‌ನಲ್ಲಿ, 1919ರ ಏಪ್ರಿಲ್ 13ರಂದು, ಡಯರ್ ಮಷೀನ್ ಗನ್ ಹೊತ್ತ ಎರಡು ಗಾಡಿ ತಂದಿದ್ದ. ಓಣಿ ಕಿರಿದು, ಗಾಡಿ ಒಳಗೆ ಹೋಗಲಿಲ್ಲ. ರೈಫಲ್ಲಿನಿಂದಲೇ 1,650 ಗುಂಡು ಹಾರಿಸಿದ. ಗಾಡಿ ಹೋಗಿದ್ದರೆ ಬಹುಶಃ ಅದನ್ನೂ ಬಳಸುತ್ತಿದ್ದೆ ಎಂದು ವಿಚಾರಣೆಯಲ್ಲಿ ತಾನೇ ಒಪ್ಪಿಕೊಂಡ.

1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಸೋಲಾಪುರದಿಂದ ಹೊರಟು, ನಮ್ಮ ಟೈರ್ ಕೈಕೊಟ್ಟ ಆ ಹೆದ್ದಾರಿಯಲ್ಲೇ ಹೈದರಾಬಾದ್ ಕಡೆ ಹೋಯಿತು. ಐದೇ ದಿನಕ್ಕೆ ಮುಗಿಯಿತು. ಆಸ್ಟ್ರೇಲಿಯಾದ ಸಿಡ್ನಿ ಕಾಟನ್ ವಿಮಾನದಲ್ಲಿ ಕದ್ದು ತಂದುಕೊಟ್ಟ ಬಂದೂಕುಗಳಿದ್ದರೂ ರಜಾಕಾರರಲ್ಲಿ ಹೆಚ್ಚಿನವರ ಕೈಯಲ್ಲಿದ್ದದ್ದು ಕತ್ತಿ, ಹಳೆಯ ಮದ್ದಿನ ಬಂದೂಕು. ಆದರೆ ಅದರ ನಂತರವೂ ಹೆಣ ಬಿದ್ದವು, ಈ ಸಲ ಮುಸ್ಲಿಮರದು. ಸುಂದರಲಾಲ್ ಸಮಿತಿ 27,000ದಿಂದ 40,000 ಎಂದು ಅಂದಾಜು ಮಾಡಿತು. ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿ, ಬೀದರ್ ಎರಡೂ ಇವೆ. ಇದಕ್ಕೆಲ್ಲ ಮ್ಯಾಕ್ಸಿಮ್ ಬೇಕಾಗಲಿಲ್ಲ. ಸ್ಮಾರಕದ ಕಟ್ಟೆ ಮೇಲೆ ಕಾಕಾ ಸುಮ್ನೆ ಕೂತಿದ್ದರು. ನಾನೂ ಜಾಸ್ತಿ ಮಾತಾಡಲಿಲ್ಲ. ಕತ್ತಲಾಗುವ ಮುಂಚೆ ಕಲಬುರಗಿ ಸೇರಿದೆವು.

ನಾಲ್ಕನೆಯ ದಿನ: ಸುರಪುರ, ವಾಗಿನಗೇರಾ

ಜೇವರ್ಗಿ, ಶಹಾಪುರ ದಾಟಿ ಸುರಪುರ. ದಾರಿಯಲ್ಲಿ ಬಿಸಿ ಬಿಸಿ ಮಿರ್ಚಿ, ಸುಸ್ಲಾ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಿದೆವು. 1841ರಿಂದ ಹನ್ನೆರಡು ವರ್ಷ ಇಲ್ಲಿ ಬ್ರಿಟಿಷರ ಪರವಾಗಿ ಆಡಳಿತ ನೋಡಿದ ಮೆಡೋಸ್ ಟೇಲರ್‌ನ ಮನೆ ಅದು. ಅವನು ಮಗನಂತೆ ನೋಡಿಕೊಂಡ ಬಾಲಕನೇ ರಾಜಾ ವೆಂಕಟಪ್ಪ ನಾಯಕ. 1858ರ ಫೆಬ್ರವರಿಯಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದ, ಸೋತ, ಸೆರೆಯಾದ. ಸಾಗಿಸುವ ದಾರಿಯಲ್ಲಿ ಅಧಿಕಾರಿಯ ರಿವಾಲ್ವರ್ ತೆಗೆದು ತಾನೇ ಹೊಡೆದುಕೊಂಡ ಎಂದು ಟೇಲರ್ ಬರೆದಿದ್ದಾನೆ. ಸುರಪುರದವರು ಒಪ್ಪುವುದಿಲ್ಲ, ಕೊಂದರು ಅನ್ನುತ್ತಾರೆ. ನನಗೆ ಕಣ್ಣಿಗೆ ಬಿದ್ದದ್ದು ಆ ರಿವಾಲ್ವರ್. ಬೇಡರ ಕೈಯಲ್ಲಿ ಇನ್ನೂ ಒಂದು ಗುಂಡಿನ ಬಂದೂಕು ಇದ್ದಾಗ ಎದುರಿನ ಅಧಿಕಾರಿಯ ಸೊಂಟದಲ್ಲಿ ಬಾರು ಮಾಡದೆ ಒಂದರ ಹಿಂದೆ ಒಂದು ಹಾರಿಸುವ ಆಯುಧ ಬಂದಿತ್ತು.

ಬೇಡರ ಗುರಿ ಎಂಥದ್ದು ಎನ್ನುವುದಕ್ಕೆ ವಾಗಿನಗೇರಾ ಸಾಕ್ಷಿ. 1705ರಲ್ಲಿ 86 ವರ್ಷದ ಔರಂಗಜೇಬ್ ತಾನೇ ನಿಂತು ನಡೆಸಿದ ಕೊನೆಯ ಮುತ್ತಿಗೆ ಇದು. ಪಿಡ್ಡ ನಾಯಕನ ಬೇಡರು ಬತ್ತಿ ಬಂದೂಕಿನಿಂದ ಮೊಘಲ್ ಸೈನ್ಯವನ್ನು ತಿಂಗಳುಗಟ್ಟಲೆ ಗುಡ್ಡ ಹತ್ತಗೊಡಲಿಲ್ಲ. ಏಪ್ರಿಲ್ ಕೊನೆಗೆ ಸೈನ್ಯ ಒಳನುಗ್ಗಿದಾಗ ಕೋಟೆ ಖಾಲಿ. ನಾಯಕ ರಾತ್ರಿಯೇ ಮನೆಯವರ ಜೊತೆ ಜಾರಿಕೊಂಡಿದ್ದ. ಗುಡ್ಡದ ಬಂಡೆಗಳ ನಡುವೆ ನಿಂತರೆ ಹೇಗೆ ಸಾಧ್ಯವಾಯಿತು ಎಂದು ತಿಳಿಯುತ್ತದೆ. ಒಂದು ಬಂಡೆ ಹಿಂದೆ ಹಾರಿಸು, ಇನ್ನೊಂದರ ಹಿಂದೆ ತುಂಬು. ಬಾರು ಮಾಡುವ ಹೊತ್ತನ್ನು ಬಂಡೆಗೆ ಬಿಟ್ಟುಕೊಟ್ಟಿದ್ದರು.

ಇಳಿದು ಬರುವಾಗ ಬಾಯಾರಿಕೆ. ಹೊಲದ ಮನೆಯೊಂದರಲ್ಲಿ ನೀರು ಕೇಳಿದೆವು. ಅಕ್ಕಾರು ನೀರಿನ ಜೊತೆ ಬೆಲ್ಲ ಕೊಟ್ಟು, "ಕೂಡ್ರಿ, ಚಾ ಇಡ್ತೀನಿ" ಅಂದರು. ಗೋಡೆಗೆ ಒರಗಿಸಿದ ನಾಲ್ಕು ತಾಳಿನ ಮರದ ಕೂರಿಗೆ ಇತ್ತು. ಈಗ ಟ್ರ್ಯಾಕ್ಟರ್ ಬಿತ್ತನೆ, ಇದರ ಮೇಲೆ ಕೋಳಿ ಕೂತಿತ್ತು. ಬಟ್ಟಲಿನೊಳಗೆ ನಾಲ್ಕು ತೂತು, ಪ್ರತಿಯೊಂದಕ್ಕೂ ಬಿದಿರಿನ ಕೊಳವೆ. ನಾನು ಹಿಡಿ ಜೋಳ ಇಸಿದುಕೊಂಡು ಬಟ್ಟಲಿಗೆ ಬಿಟ್ಟೆ. ಕಾಳು ನಾಲ್ಕೂ ಕೊಳವೆಯಲ್ಲಿ ಟರ್ರ್ ಅಂತ ಇಳಿದು ನೆಲಕ್ಕೆ ಬಿದ್ದವು. ಕೋಳಿಗಳು ಓಡಿ ಬಂದವು.

ಈ ಸದ್ದನ್ನು ರಿಚರ್ಡ್ ಗ್ಯಾಟ್ಲಿಂಗ್ ಚೆನ್ನಾಗಿ ಬಲ್ಲವನಾಗಿದ್ದ. ಅವನು ಮೊದಲು ಮಾಡಿದ್ದು ಬಿತ್ತುವ ಯಂತ್ರ. ವೈದ್ಯಕೀಯ ಓದಿದ್ದ, ವೈದ್ಯನಾಗಲಿಲ್ಲ. ಅಮೆರಿಕದ ಅಂತರ್ಯುದ್ಧ ನಡೆಯುತ್ತಿದ್ದಾಗ, 1862ರಲ್ಲಿ, ಹಿಡಿಕೆ ತಿರುಗಿಸುವ ಗನ್ನಿಗೆ ಪೇಟೆಂಟ್ ಪಡೆದ. ಸುತ್ತ ಹಲವು ನಳಿಗೆ, ಮೇಲಿನಿಂದ ತೋಟಾ ಬೀಳುತ್ತಿತ್ತು. ಒಂದು ನಳಿಗೆ ಹಾರುವಾಗ ಇನ್ನೊಂದು ತುಂಬಿಕೊಳ್ಳುತ್ತದೆ, ಮತ್ತೊಂದು ಆರುತ್ತದೆ. ಕಾಕಾ ಕೇಳಿದ ಹದಿನೇಳು ನಳಿಗೆಯ ಪ್ರಶ್ನೆಗೆ ಉತ್ತರ ಇದೇ. 1877ರ ಒಂದು ಪತ್ರದಲ್ಲಿ ಯಾಕೆ ಮಾಡಿದೆ ಎಂದೂ ಬರೆದ. ಯುದ್ಧಕ್ಕೆ ಹೋದವರಲ್ಲಿ ಹೆಚ್ಚಿನವರು ರೋಗದಿಂದ ಸಾಯುತ್ತಿದ್ದರು. ಒಬ್ಬನೇ ನೂರು ಜನರ ಕೆಲಸ ಮಾಡಿದರೆ ಸೈನ್ಯ ಚಿಕ್ಕದಾಗುತ್ತದೆ, ಸಾಯುವವರೂ ಕಡಿಮೆಯಾಗುತ್ತಾರೆ ಎಂದುಕೊಂಡನಂತೆ. ನನಗೆ ಅವನು ಸುಳ್ಳು ಹೇಳಿದ ಅನಿಸುವುದಿಲ್ಲ. ಲೆಕ್ಕ ತಪ್ಪಿದ, ಅಷ್ಟೇ. ಅವನ ತಿರುಗುವ ನಳಿಗೆಗೆ ಹಿಡಿಕೆಯ ಬದಲು ಯಂತ್ರಬಲ ಕೂಡಿಸಿದ ವಲ್ಕನ್ ಎಂಬ ಯುದ್ಧವಿಮಾನದ ಗನ್ನು ಈಗ ನಿಮಿಷಕ್ಕೆ 6,000 ಗುಂಡು ಉಗುಳುತ್ತದೆ.

ಚಹಾ ಬಂತು. ಅಕ್ಕಾರ ಮಗ, ಏಳನೆಯ ಇಯತ್ತೆಯವನು, ಕಾಕಾ ಫೌಜಿನವರು ಅಂತ ತಿಳಿದು ಹತ್ತಿರ ಬಂದು ಕೂತ.

"ಅಜ್ಜಾ, ಎಷ್ಟ್ ಮಂದಿಗೆ ಹೊಡ್ದೀರಿ?"

"ಮಣ್ಣಿನ ದಿಬ್ಬಕ್ಕ ಹೊಡ್ದೀನಪಾ. ಹನ್ನೆರಡು ವರ್ಷ ರೇಂಜಿನಾಗ ದಿಬ್ಬಕ್ಕೇ ಹೊಡ್ದೀನಿ."

ಹುಡುಗನ ಮುಖ ಇಳಿಯಿತು. ಕಾಕಾ ಚಹಾ ಗುಟುಕರಿಸಿ ಮುಂದುವರಿಸಿದರು. ರೇಂಜಿನಲ್ಲಿ ಹೊಡೆಯುವುದಕ್ಕಿಂತ ಎಣಿಸುವುದೇ ದೊಡ್ಡ ಕೆಲಸವಂತೆ. ಹಾರಿದ ತೋಟಾದ ಖಾಲಿ ಚಿಪ್ಪಿಗೆ ಖೋಖಾ ಅನ್ನುತ್ತಾರೆ. ಎಷ್ಟು ಗುಂಡು ಇಸಿದುಕೊಂಡಿರೋ ಅಷ್ಟು ಖೋಖಾ ವಾಪಸ್ ಕೊಡಬೇಕು. ಒಂದು ಸಲ ಒಂದು ಕಡಿಮೆ ಬಿತ್ತು. ಉಸ್ತಾದ ಇಡೀ ಸೆಕ್ಷನ್ನನ್ನು ಸಾಲಾಗಿ ನಿಲ್ಲಿಸಿ, ಮೊಣಕಾಲ ಮೇಲೆ ಹುಲ್ಲು ಕೆದರಿ ಹುಡುಕಿಸಿದ. ಮೇ ತಿಂಗಳ ಬಿಸಿಲು. ಹತ್ತು ಜನ, ಎರಡು ತಾಸು.

"ಒಂದ್ ಖಾಲಿ ಖೋಖಾಕ್ಕ?" ಹುಡುಗ ಬಾಯಿ ತೆರೆದ.

"ಒಂದ್ ಖಾಲಿ ಖೋಖಾಕ್ಕ."

"ಸಿಕ್ತೇನ್ರಿ?"

"ಸಿಕ್ತು. ನಾ ಮಲ್ಕೊಂಡಿದ್ದ ತಾಡಪತ್ರಿ ಮಡಚಿನ್ಯಾಗೇ ಇತ್ತು. ಅಷ್ಟೊತ್ತಿಗೆ ಲಂಗರ್ ಬಂದ್ ಆಗಿತ್ತು, ಅವತ್ತ್ ಹತ್ತೂ ಮಂದಿಗೆ ಊಟ ಇಲ್ಲ."